ಬಾಕ್ಸಿಂಗ್ ಶುರು ಮಾಡಿದೀನಿ, ಕೈ ಓಡ್ತಿದೆ ಕಾಲು ಓಡ್ತಿಲ್ಲ. ಫುಟ್‌ವರ್ಕ್ ಎಲ್ಲಿಂದ ಕಲಿಯೋದು?

ಹೊಸಗ್ಲೌಸ್:

ಎಲ್ಲರಿಗೂ ನಮಸ್ಕಾರ. ಬಾಕ್ಸಿಂಗ್ ಕ್ಲಾಸಿಗೆ ಸೇರಿ ಸ್ವಲ್ಪ ಕಾಲ ಆಯ್ತು. ನಿಂತಲ್ಲೇ ನಿಂತು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ), ಕ್ರಾಸ್ (ಹಿಂದಿನ ಕೈಯ ನೇರ ಹೊಡೆತ) ಹೊಡೆಯೋಕೆ ಪರವಾಗಿಲ್ಲ, ಕೋಚ್ ಕೂಡ ಕೈ ಸರಿ ಇದೆ ಅಂತಾರೆ, ಆದ್ರೆ ಮೂವ್ ಆಗ್ತಾ ಹೊಡಿ ಅಂದ ತಕ್ಷಣ ಎಲ್ಲಾ ಕಲಸಿಹೋಗುತ್ತೆ. ಮುಂದೆ ಹೋಗುವಾಗ ಎರಡೂ ಕಾಲು ಹತ್ತಿರ ಬಂದುಬಿಡುತ್ತೆ, ಹಿಂದೆ ಬರುವಾಗ ಭಾರ ಎಲ್ಲಾ ಹಿಮ್ಮಡಿ ಮೇಲೆ ಕೂತ್ಕೊಳ್ಳುತ್ತೆ, ಪಕ್ಕಕ್ಕೆ ಹೋಗುವಾಗಂತೂ ಕಾಲಿಗೆ ಕಾಲು ಅಡ್ಡ ಬರುತ್ತೆ. ಕ್ರಾಸ್ ಹೊಡೆದಾಗ ಹಿಂದಿನ ಕಾಲು ತಾನಾಗೇ ಮುಂದೆ ನಡೆದುಬಿಡುತ್ತೆ, ಆಮೇಲೆ ಯಾವ ಕಾಲು ಮುಂದೆ ಇರ್ಬೇಕಿತ್ತು ಅನ್ನೋದೇ ಗೊತ್ತಾಗಲ್ಲ.

ನಾನು ಬಲಗೈಯವನು, ಎಡಗಾಲು ಮುಂದೆ ಇಟ್ಟು ನಿಲ್ತೀನಿ. ಕ್ಲಾಸಲ್ಲಿ ಜನ ಜಾಸ್ತಿ, ಕೋಚ್‌ಗೆ ಒಬ್ಬೊಬ್ಬರ ಕಾಲು ನೋಡ್ತಾ ಕೂರೋಕೆ ಟೈಮ್ ಇರಲ್ಲ, ಅದಕ್ಕೆ ಮನೇಲಿ ಪ್ರಾಕ್ಟೀಸ್ ಮಾಡೋಣ ಅಂತ. ವಿಡಿಯೋಗಳನ್ನ ನೋಡಿದ್ರೆ ಒಬ್ಬರು ಸದಾ ತುದಿಗಾಲಲ್ಲಿ ಕುಣೀತಾ ಇರಿ ಅಂತಾರೆ, ಇನ್ನೊಬ್ಬರು ಕುಣಿಬೇಡಿ, ನೆಲ ಬಿಡಬೇಡಿ ಅಂತಾರೆ. ಸ್ಕಿಪ್ಪಿಂಗ್ ಮಾಡಿದ್ರೆ ಫುಟ್‌ವರ್ಕ್ ತಾನಾಗೇ ಬರುತ್ತಾ? ನೆಲದ ಮೇಲೆ ಹಾಸ್ತಾರಲ್ಲ ಆ ಲ್ಯಾಡರ್ ತಗೋಬೇಕಾ? ಶೂ ಬಗ್ಗೆನೂ ಹೇಳಿ, ಈಗ ರನ್ನಿಂಗ್ ಶೂ ಹಾಕ್ತಿದೀನಿ. ಇನ್ನೊಂದು, ಕ್ಲಾಸ್ ಮುಗಿದ ಮಾರನೇ ದಿನ ಮೀನಖಂಡ ಹಿಡ್ಕೊಂಡು ಮೆಟ್ಟಿಲು ಇಳಿಯೋಕೂ ಕಷ್ಟ ಆಗುತ್ತೆ, ಇದು ನಾರ್ಮಲ್ಲಾ?

ದಯವಿಟ್ಟು ಬೇಸಿಕ್‌ನಿಂದ ಹೇಳಿ, ಗೊತ್ತಿದೆ ಅಂದ್ಕೊಂಡು ಏನೂ ಬಿಡಬೇಡಿ.

ಮೂರನೇರೌಂಡ್:

ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ. ನೀವು ಹೇಳಿದ ನಾಲ್ಕೈದು ತೊಂದರೆನೂ ಬೇರೆ ಬೇರೆ ಅನ್ಸುತ್ತೆ, ಆದ್ರೆ ಬೇರು ಒಂದೇ. ಹೆಜ್ಜೆ ಮುಗಿದ ಮೇಲೆ ನೀವು ಮತ್ತೆ ಸ್ಟಾನ್ಸಲ್ಲಿ, ಅಂದ್ರೆ ಹೊಡೆಯೋಕೆ ರೆಡಿಯಾಗಿ ನಿಲ್ಲೋ ಭಂಗಿಯಲ್ಲಿ, ಇಲ್ಲ, ಅಷ್ಟೇ. ಫುಟ್‌ವರ್ಕ್ ಅಂದ್ರೆ ವೇಗವಾಗಿ ಓಡಾಡೋದು ಅಂತ ತುಂಬಾ ಜನ ಅಂದ್ಕೋತಾರೆ, ಅದಲ್ಲ. ಎಲ್ಲಿಗೇ ಹೋಗಿ ಯಾವಾಗಲೇ ನಿಲ್ಲಿ, ಆ ಕ್ಷಣ ಹೊಡೆಯೋಕೂ ರೆಡಿ ಇರ್ಬೇಕು, ತಪ್ಪಿಸ್ಕೊಳ್ಳೋಕೂ ರೆಡಿ ಇರ್ಬೇಕು, ಇನ್ನೊಂದು ಹೆಜ್ಜೆ ಇಡೋಕೂ ರೆಡಿ ಇರ್ಬೇಕು. ವೇಗ ಆಮೇಲೆ ಬರುತ್ತೆ.

ಮೊದಲು ಸ್ಟಾನ್ಸ್ ಸರಿ ಮಾಡ್ಕೊಳ್ಳಿ. ನೆಲದ ಮೇಲೆ ಉದ್ದಕ್ಕೆ ಒಂದು ಟೇಪ್ ಅಂಟಿಸಿ. ಭುಜದಷ್ಟು ಅಗಲ ಕಾಲಿಟ್ಟು ನಿಂತು ಬಲಗಾಲನ್ನ ಒಂದು ಹೆಜ್ಜೆ ಹಿಂದಕ್ಕೆ ತಗೊಳ್ಳಿ. ಈಗ ಎಡಗಾಲಿನ ಬೆರಳ ತುದಿ ಗೆರೆಗೆ ಎಡಗಡೆಯಿಂದ ತಾಗ್ತಿರ್ಬೇಕು, ಬಲಗಾಲಿನ ಹಿಮ್ಮಡಿ ಗೆರೆಗೆ ಬಲಗಡೆಯಿಂದ ತಾಗ್ತಿರ್ಬೇಕು. ಎರಡೂ ಪಾದ ಸ್ವಲ್ಪ ಬಲಕ್ಕೆ ತಿರುಗಿರ್ಲಿ, 45 ಡಿಗ್ರಿ ಹತ್ತಿರ, ಮುಂದಿನದು ಅದಕ್ಕಿಂತ ಕಮ್ಮಿ ಇದ್ರೂ ನಡೆಯುತ್ತೆ. ಮಂಡಿ ಎರಡೂ ಸಡಿಲ. ಹಿಂದಿನ ಹಿಮ್ಮಡಿ ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಮುಂದಿನದು ನೆಲ ಮುಟ್ಟಿದ್ರೂ ಅದರ ಮೇಲೆ ಭಾರ ಬೇಡ. ಭಾರ ಎರಡೂ ಕಾಲಿಗೆ ಹೆಚ್ಚುಕಮ್ಮಿ ಸಮ, ತಲೆ ಎರಡೂ ಕಾಲಿನ ನಡುವೆ ಇರ್ಬೇಕು, ಮೂಗು ಮುಂದಿನ ಮಂಡಿ ದಾಟಿ ಹೋಗ್ಬಾರ್ದು.

ಗೆರೆ ಯಾಕೆ ಅಂದ್ರೆ, ಎರಡೂ ಪಾದ ಗೆರೆ ಮೇಲೇ ಹಿಂದೆ ಮುಂದೆ ಬಂದುಬಿಟ್ರೆ ಪಕ್ಕದಿಂದ ಯಾರಾದ್ರೂ ಸ್ವಲ್ಪ ತಳ್ಳಿದ್ರೂ ಬೀಳ್ತೀರಿ, ಬಲಗೈ ಹೊಡೆತಕ್ಕೆ ಸೊಂಟನೂ ತಿರುಗಲ್ಲ. ಎರಡೂ ಪಾದ ಅಕ್ಕಪಕ್ಕ ಸಮಕ್ಕೆ ಬಂದ್ರೆ ಎದುರಿಂದ ತಳ್ಳಿದಾಗ ಬೀಳ್ತೀರಿ. ನಿಂತ್ಕೊಂಡು ಫ್ರೆಂಡ್ ಹತ್ರ ಭುಜಕ್ಕೆ ಎದುರಿಂದ ಒಂದ್ಸಲ, ಪಕ್ಕದಿಂದ ಒಂದ್ಸಲ ಮೆಲ್ಲಗೆ ತಳ್ಳೋಕೆ ಹೇಳಿ. ಎರಡಕ್ಕೂ ಅಲ್ಲಾಡದೆ ನಿಂತ್ರೆ ಅದೇ ನಿಮ್ಮ ಸ್ಟಾನ್ಸ್. ಎತ್ತರದವರಿಗೆ ಸ್ವಲ್ಪ ಅಗಲ, ಕುಳ್ಳಗಿರೋರಿಗೆ ಸ್ವಲ್ಪ ಕಿರಿದು, ಇಂಚು ಪಟ್ಟಿ ಇಟ್ಟು ಅಳೆಯೋಕೆ ಹೋಗ್ಬೇಡಿ.

ಈಗ ಹೆಜ್ಜೆ. ರೂಲ್ ಒಂದೇ: ಯಾವ ಕಡೆ ಹೋಗ್ಬೇಕೋ ಆ ಕಡೆ ಇರೋ ಕಾಲು ಮೊದಲು. ಮುಂದಕ್ಕೆ ಎಡಗಾಲು ಮೊದಲು, ಹಿಂದಕ್ಕೆ ಬಲಗಾಲು ಮೊದಲು, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಇನ್ನೊಂದು ಕಾಲು ಅಷ್ಟೇ ದೂರ ಹಿಂದೆಯೇ ಬರುತ್ತೆ. ಇದನ್ನ ಎಲ್ಲರೂ ಹೇಳ್ತಾರೆ, ಆದ್ರೆ ಇದರ ಒಳಗಿರೋ ಮುಖ್ಯ ವಿಷಯ ಯಾರೂ ಸರಿಯಾಗಿ ಹೇಳಲ್ಲ. ಮೊದಲು ಹೋಗೋ ಕಾಲು ನಿಮ್ಮನ್ನ ಎಳ್ಕೊಂಡು ಹೋಗಲ್ಲ, ಹಿಂದೆ ಉಳಿಯೋ ಕಾಲು ನೆಲಾನ ಒತ್ತಿ ತಳ್ಳುತ್ತೆ. ಮುಂದೆ ಹೋಗ್ಬೇಕಾ, ಬಲಗಾಲಿನ ಬೆರಳ ಬುಡದಿಂದ ನೆಲ ತಳ್ಳಿ, ಎಡಗಾಲು ನೆಲಕ್ಕೆ ಹತ್ತಿರದಲ್ಲೇ ಜಾರಿ ಮುಂದೆ ಹೋಗ್ಲಿ. ಹಿಂದೆ ಬರ್ಬೇಕಾ, ಎಡಗಾಲಿಂದ ತಳ್ಳಿ. ನೀವು ಹಿಂದೆ ಬರುವಾಗ ಹಿಮ್ಮಡಿ ಮೇಲೆ ಕೂತ್ಕೋತೀನಿ ಅಂದ್ರಲ್ಲ, ಎಡಗಾಲು ತಳ್ತಿಲ್ಲ, ಮೈ ಹಿಂದಕ್ಕೆ ವಾಲಿಸಿ ಬೀಳೋ ಥರ ಹೋಗ್ತಿದೀರಿ ಅಂತ ಅದರರ್ಥ.

ಕಾಲು ಹತ್ತಿರ ಬರೋದಕ್ಕೆ ಸಾಮಾನ್ಯ ಕಾರಣ ಹೆಜ್ಜೆ ದೊಡ್ಡದಾಗಿರೋದು. ಮುಂದಿನ ಕಾಲು ದೂರ ಹೋಯ್ತು, ಹಿಂದಿನದು ಗಾಬರಿಯಲ್ಲಿ ಅದನ್ನ ಹಿಡಿಯೋಕೆ ಓಡಿ ಬಂದು ಜಾಸ್ತಿ ಹತ್ತಿರ ನಿಲ್ಲುತ್ತೆ. ನಿಮ್ಮ ಅರ್ಧ ಪಾದದಷ್ಟು ಹೆಜ್ಜೆ ಸಾಕು, ನಿಜವಾಗ್ಲೂ ಅಷ್ಟೇ ಸಾಕು. ದೂರ ಹೋಗ್ಬೇಕಂದ್ರೆ ಇಂಥ ಸಣ್ಣ ಹೆಜ್ಜೆ ಎರಡು ಮೂರು ಇಡಿ. ಎರಡು ಕಾಲಿನ ಮಧ್ಯ ಒಂದು ಕೋಲು ಕಟ್ಟಿದಾರೆ, ಅದು ಉದ್ದನೂ ಆಗಲ್ಲ ಗಿಡ್ಡನೂ ಆಗಲ್ಲ ಅಂದ್ಕೊಂಡು ನಡೀರಿ. ಎಲಾಸ್ಟಿಕ್ ಬ್ಯಾಂಡ್ ಇದ್ರೆ ಎರಡೂ ಕಣಕಾಲಿಗೆ ಸೇರಿಸಿ ಹಾಕ್ಕೊಂಡು ನಿಧಾನವಾಗಿ ಮಾಡಬಹುದು, ಕಾಲು ಹತ್ತಿರ ಬಂದ ತಕ್ಷಣ ಬ್ಯಾಂಡ್ ಸಡಿಲ ಆಗಿ ಗೊತ್ತಾಗಿಬಿಡುತ್ತೆ. ಬ್ಯಾಂಡ್ ಹಾಕ್ಕೊಂಡು ಜೋರಾಗಿ ಮಾತ್ರ ಓಡಾಡಬೇಡಿ, ಎಡವಿ ಬೀಳ್ತೀರಿ.

ಪ್ರಾಕ್ಟೀಸ್ ಹೇಗೆ ಅಂದ್ರೆ, ಮೊದಮೊದಲು ಗೆರೆ ಮೇಲೆ ಮುಂದಕ್ಕೆ ಒಂದು ಹೆಜ್ಜೆ, ನಿಲ್ಲಿ, ಸ್ಟಾನ್ಸ್ ಹಾಗೇ ಇದೆಯಾ ನೋಡಿ, ಹಿಂದಕ್ಕೆ ಒಂದು, ನಿಲ್ಲಿ, ನೋಡಿ. ಬೋರ್ ಅನ್ಸುತ್ತೆ, ಆದ್ರೆ ಈ ನಿಲ್ಲಿಸಿ ನೋಡೋದರಲ್ಲೇ ಕಲಿಕೆ ಇರೋದು. ಅದು ಕೂತ ಮೇಲೆ ಮುಂದೆ, ಬಲಕ್ಕೆ, ಹಿಂದೆ, ಎಡಕ್ಕೆ ಅಂತ ಚೌಕ ಹಾಕಿ, ಆಮೇಲೆ ಅದೇ ಚೌಕ ಉಲ್ಟಾ. ಇದೂ ಸಲೀಸಾದ ಮೇಲೆ ಫ್ರೆಂಡ್ ಕೈ ತೋರಿಸಿದ ದಿಕ್ಕಿಗೆ ಹೋಗೋದು, ಯಾಕಂದ್ರೆ ಮುಂದಿನ ಹೆಜ್ಜೆ ಯಾವ ಕಡೆ ಅಂತ ಮೊದಲೇ ಗೊತ್ತಿದ್ರೆ ನಿಮಗೇ ಗೊತ್ತಾಗದ ಹಾಗೆ ಭಾರ ಆ ಕಡೆ ವಾಲಿಸಿಟ್ಟಿರ್ತೀರಿ. ಕೈ ಗಾರ್ಡಲ್ಲೇ, ಅಂದ್ರೆ ಮುಖ ಕಾಯೋ ಹಾಗೆ ಮೇಲೇ, ಇರ್ಲಿ, ಕಾಲಿನ ಕಡೆ ಗಮನ ಹೋದಾಗ ಕೈ ತಾನಾಗೇ ಇಳಿಯುತ್ತೆ. ಕೆಳಗೆ ನೋಡೋ ಅಭ್ಯಾಸ ಮಾತ್ರ ಬೆಳೆಸ್ಕೋಬೇಡಿ. ಕಾಲು ನೋಡ್ಬೇಕಂದ್ರೆ ಫೋನ್ ನೆಲದ ಹತ್ತಿರ ಇಟ್ಟು ಪಕ್ಕದಿಂದ ವಿಡಿಯೋ ಮಾಡಿ, ಆಮೇಲೆ ನೋಡಿ.

ಇನ್ನು ಹೊಡೆತ ಸೇರಿಸೋದು. ಜ್ಯಾಬ್ ಜೊತೆ ಮುಂದಿನ ಕಾಲು ಹೋಗುತ್ತೆ, ಮುಷ್ಟಿ ತಾಗೋದು ಕಾಲು ನೆಲ ಮುಟ್ಟೋದು ಒಟ್ಟಿಗೆ, ಕೈ ವಾಪಸ್ ಬರೋ ಹೊತ್ತಿಗೆ ಹಿಂದಿನ ಕಾಲು ಬಂದು ಸೇರಿರ್ಬೇಕು. ಕ್ರಾಸಲ್ಲಿ ಹಿಂದಿನ ಕಾಲು ನಡೆಯಬಾರ್ದು, ತಿರುಗಬೇಕು. ಬೆರಳ ಬುಡ ಅಲ್ಲೇ ಇರುತ್ತೆ, ಹಿಮ್ಮಡಿ ಮಾತ್ರ ಹೊರಗಡೆಗೆ ತಿರುಗುತ್ತೆ, ಅದರ ಜೊತೆ ಮಂಡಿ, ಸೊಂಟ, ಭುಜ. ನಿಮ್ಮ ಕಾಲು ಮುಂದೆ ನಡೆದುಬಿಡುತ್ತೆ ಅಂದ್ರೆ ನೀವು ಗುರಿಯಿಂದ ದೂರ ನಿಂತು ಎಟುಕಿಸ್ಕೊಂಡು ಹೊಡೀತಿದೀರಿ. ಮೊದಲು ಜ್ಯಾಬ್ ಹೆಜ್ಜೆಯಲ್ಲಿ ದೂರ ಕಮ್ಮಿ ಮಾಡ್ಕೊಳ್ಳಿ, ಆಮೇಲೆ ಕ್ರಾಸ್ ನಿಂತ ಜಾಗದಿಂದಲೇ ತಲುಪುತ್ತೆ.

ಎಡಗಾಲುಮುಂದೆ:

ಮೇಲಿನವರು ಎಲ್ಲಾ ಹೇಳಿಬಿಟ್ಟಿದಾರೆ, ನಾನು ಕುಣಿಯೋ ವಿಷಯಕ್ಕೆ ಮಾತ್ರ ಬರ್ತೀನಿ. ಬ್ರೋ, ಈಗ ಕುಣಿಬೇಡಿ. ಗಾಳಿಯಲ್ಲಿ ಇರೋವಾಗ ದಿಕ್ಕು ಬದಲಾಯಿಸೋಕೂ ಆಗಲ್ಲ, ಗಟ್ಟಿ ಹೊಡೆಯೋಕೂ ಆಗಲ್ಲ, ಎರಡಕ್ಕೂ ನೆಲ ಬೇಕೇ ಬೇಕು. ಅನುಭವ ಇರೋರು ಎದುರಿಗೆ ಇದ್ರೆ ನಿಮ್ಮ ಕುಣಿತದ ತಾಳ ನೋಡ್ಕೊಂಡು ನೀವು ಮೇಲೆ ಹೋದ ಕ್ಷಣಕ್ಕೇ ಹೊಡೀತಾರೆ. ಎಲ್ಲರೂ ಮೊಹಮ್ಮದ್ ಅಲಿಯನ್ನ ನೋಡಿ ಕುಣಿಯೋಕೆ ಆಸೆ ಪಡ್ತಾರೆ, ತಪ್ಪಲ್ಲ, ಆದ್ರೆ ಅಲಿ 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದು ಬಂದ ಕಾಲು ಅದು, ಚಿಕ್ಕ ವಯಸ್ಸಿಂದ ಪಳಗಿದ್ದು. ಅದೇ ಅಲಿ 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಎದುರಿಗೆ ಆಡಿದಾಗ ಕುಣಿಯೋದನ್ನ ಬಿಟ್ಟು ಹಗ್ಗಕ್ಕೆ ಒರಗಿ ಹೊಡೆತ ತಡ್ಕೊಂಡು ಅವನನ್ನ ಸುಸ್ತು ಮಾಡಿ 8ನೇ ರೌಂಡಲ್ಲಿ ನಾಕ್‌ಔಟ್ ಮಾಡಿದ. ಯಾವಾಗ ಚಲಿಸ್ಬೇಕು ಯಾವಾಗ ಬೇಡ ಅನ್ನೋದೂ ಫುಟ್‌ವರ್ಕೇ.

ಆದ್ರೆ ಕುಣಿಯೋದೇ ತಪ್ಪು ಅಂತ ಹೇಳೋರ ಮಾತನ್ನೂ ಪೂರ್ತಿ ಒಪ್ಪಬೇಡಿ. ಅಮೆಚೂರ್ ಬಾಕ್ಸಿಂಗಲ್ಲಿ, ಅದರಲ್ಲೂ ಹಳೇ ಸೋವಿಯತ್ ಶೈಲಿಯಲ್ಲಿ, ಹಿಂದೆ ಮುಂದೆ ಸಣ್ಣದಾಗಿ ಪುಟೀತಾ ದೂರ ಅಳೆಯೋ ಪದ್ಧತಿ ಇದೆ, ಪೆಂಡುಲಮ್ ಸ್ಟೆಪ್ ಅಂತಾರೆ. ಪಾದ ನೆಲದಿಂದ ಎದ್ದಿದ್ದು ಕಾಣೋದೇ ಇಲ್ಲ ಅಷ್ಟು ತಗ್ಗು, ಮತ್ತೆ ಸ್ಟಾನ್ಸ್ ಒಂದು ಚೂರೂ ಬದಲಾಗಲ್ಲ. ಸ್ಟೆಪ್ ಹಾಕೋದು ಯೋಚನೆ ಮಾಡದೆ ಬರೋಕೆ ಶುರುವಾದ ಮೇಲೆ ಅದನ್ನ ಕಲೀರಿ, ಅಲ್ಲಿವರೆಗೂ ಮಂಡಿ ಸಡಿಲ ಇಟ್ಕೊಂಡು ಭಾರಾನ ಈ ಕಾಲಿಂದ ಆ ಕಾಲಿಗೆ ಮೆಲ್ಲಗೆ ತೂಗಾಡಿಸ್ತಾ ಇರಿ, ರಿದಮ್ ಬರೋಕೆ ಅಷ್ಟು ಸಾಕು.

ಸೌತ್‌ಪಾಅಕ್ಕ:

ಮೀನಖಂಡ, ಮಂಡಿ, ಶೂ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ, ಯಾಕಂದ್ರೆ ಹೊಸಬರು ಬಿಟ್ಟುಹೋಗೋದು ಹೊಡೆತ ತಿಂದು ಅಲ್ಲ, ಕಾಲು ನೋವು ಮಾಡ್ಕೊಂಡು.

ಮಾರನೇ ದಿನ ಮೀನಖಂಡ ಹಿಡ್ಕೊಳ್ಳೋದು, ಎರಡು ಮೂರು ದಿನದಲ್ಲಿ ಹೋಗೋದು ಮಾಮೂಲು. ದಿನವಿಡೀ ಹಿಮ್ಮಡಿ ಊರಿ ನಡೆಯೋ ಕಾಲಿಗೆ ಒಂದೇ ಸಲ ಅಷ್ಟೊತ್ತು ಹಿಮ್ಮಡಿ ಎತ್ತಿ ನಿಲ್ಲು ಅಂದ್ರೆ ಅದು ಹಿಡ್ಕೊಳ್ಳದೆ ಇನ್ನೇನು ಮಾಡುತ್ತೆ. ಆದ್ರೆ ಹಿಮ್ಮಡಿ ಮೇಲಿನ ದಪ್ಪ ಸ್ನಾಯುರಜ್ಜಿನ ಹತ್ತಿರ, ಅಕಿಲಿಸ್ ಅಂತಾರಲ್ಲ ಅಲ್ಲಿ, ಚುಚ್ಚಿದ ಹಾಗೆ ನೋವಿದ್ರೆ, ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡೋಕೇ ಕಷ್ಟ ಆಗ್ತಿದ್ರೆ, ಅಥವಾ ಕಾಲು ಊದಿದ್ರೆ ಅದು ಮಾಮೂಲು ಅಲ್ಲ, ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೀನಖಂಡ ಗಟ್ಟಿ ಆಗೋಕೆ ಮೆಟ್ಟಿಲ ಅಂಚಲ್ಲಿ ಪಾದದ ಮುಂಭಾಗ ಊರಿ ಹಿಮ್ಮಡಿ ಎತ್ತೋದು, ಆಮೇಲೆ ಬಹಳ ನಿಧಾನ ಇಳಿಸೋದು ಮಾಡಿ. ಎತ್ತೋದಕ್ಕಿಂತ ನಿಧಾನ ಇಳಿಸೋದೇ ಕಾಲನ್ನ ಗಟ್ಟಿ ಮಾಡುತ್ತೆ. ಇನ್ನೊಂದು ವಿಷಯ, ಹಿಮ್ಮಡಿ ಎತ್ತಿ ಅಂದಾಗ ಕೆಲವರು ಪೂರ್ತಿ ತುದಿಗಾಲಲ್ಲಿ ನಿಂತುಬಿಡ್ತಾರೆ, ಹಾಗೆ ನಿಂತ್ರೆ ಮೀನಖಂಡ ಮೊದಲನೇ ರೌಂಡಲ್ಲೇ ಸುಟ್ಟುಹೋಗುತ್ತೆ, ಬ್ಯಾಲೆನ್ಸೂ ಇರಲ್ಲ. ಭಾರ ಬೆರಳ ತುದಿ ಮೇಲಲ್ಲ, ಬೆರಳ ಬುಡದ ಅಗಲ ಭಾಗದ ಮೇಲೆ.

ಶೂ: ರನ್ನಿಂಗ್ ಶೂ ಇದಕ್ಕೆ ಸರಿ ಇಲ್ಲ. ಅದರ ಹಿಮ್ಮಡಿ ದಪ್ಪ, ಮೆತ್ತಗೆ, ನೇರ ಓಡೋಕೆ ಅಂತ ಮಾಡಿರೋದು. ಪಕ್ಕಕ್ಕೆ ತಳ್ಳಿದಾಗ ಪಾದ ಒಳಗೇ ವಾಲಿ ಕಣಕಾಲು ಉಳುಕೋ ಸಾಧ್ಯತೆ ಇದೆ, ಅದೂ ಅಲ್ದೆ ಹಿಮ್ಮಡಿ ಎತ್ತರ ಇರೋದ್ರಿಂದ ನೆಲ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಲ್ಲ. ಬಾಕ್ಸಿಂಗ್ ಶೂ ಈಗಲೇ ತಗೋಬೇಕು ಅಂತೇನಿಲ್ಲ, ಅಡಿ ತೆಳ್ಳಗೆ ಸಮತಟ್ಟಾಗಿರೋ ಯಾವ ಶೂ ಇದ್ರೂ ಕಲಿಯೋಕೆ ಸಾಕು. ಮುಂದೆ ಸ್ಪಾರಿಂಗ್ (ಪಾರ್ಟ್ನರ್ ಜೊತೆ ಅಭ್ಯಾಸದ ಫೈಟ್) ಶುರು ಮಾಡಿದಾಗ ಕಣಕಾಲು ಮುಚ್ಚೋ ಬಾಕ್ಸಿಂಗ್ ಶೂ ತಗೊಳ್ಳಿ.

ಮಂಡಿ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕು. ಕ್ರಾಸ್ ಹೊಡೆಯುವಾಗ, ಪಿವಟ್ ಮಾಡುವಾಗ, ಅಂದ್ರೆ ಒಂದು ಪಾದದ ಮೇಲೆ ತಿರುಗುವಾಗ, ಪಾದ ನೆಲಕ್ಕೆ ಅಂಟ್ಕೊಂಡು ಮೈ ಮಾತ್ರ ತಿರುಗಿದ್ರೆ ಆ ತಿರುಚು ಪೂರ್ತಿ ಮಂಡಿಗೆ ಬರುತ್ತೆ. ರಬ್ಬರ್ ಮ್ಯಾಟು, ಜಾಸ್ತಿ ಹಿಡಿತ ಇರೋ ಶೂ, ಎರಡೂ ಸೇರಿದ್ರೆ ಇದು ಸುಲಭವಾಗಿ ಆಗುತ್ತೆ. ಹಿಮ್ಮಡಿ ಎತ್ತಿ ಬೆರಳ ಬುಡದ ಮೇಲೆ ತಿರುಗಿ, ಬೆರಳು ಯಾವ ಕಡೆ ನೋಡುತ್ತೋ ಮಂಡಿನೂ ಅದೇ ಕಡೆ ನೋಡ್ಬೇಕು. ಮನೇಲಿ ಸಾಕ್ಸ್ ಹಾಕ್ಕೊಂಡು ನುಣುಪು ನೆಲದ ಮೇಲೆ ಮಾಡೋದೂ ಬೇಡ, ಅದು ಜಾರುತ್ತೆ, ತಳ್ಳೋಕೆ ಹಿಡಿತವೇ ಸಿಗಲ್ಲ.

ಸ್ಕಿಪ್ಪಿಂಗ್ ಖಂಡಿತ ಮಾಡಿ, ಕಾಲು ಹಗುರ ಆಗುತ್ತೆ, ಉಸಿರು ಬೆಳೆಯುತ್ತೆ, ತಾಳ ಬರುತ್ತೆ. ನೆಲದಿಂದ ಒಂದು ಇಂಚಿಗಿಂತ ಜಾಸ್ತಿ ಹಾರೋದು ಬೇಡ, ಹಗ್ಗ ದಾಟಿದ್ರೆ ಸಾಕು. 3 ನಿಮಿಷ ಮಾಡಿ 1 ನಿಮಿಷ ರೆಸ್ಟ್ ತಗೊಂಡ್ರೆ ರೌಂಡಿನ ಲೆಕ್ಕಕ್ಕೂ ಮೈ ಒಗ್ಗುತ್ತೆ, ಮೊದಮೊದಲು 1 ನಿಮಿಷ ಆದ್ರೂ ಸಾಕು. ಆದ್ರೆ ಸ್ಕಿಪ್ಪಿಂಗಲ್ಲಿ ನೀವು ಸ್ಟಾನ್ಸಲ್ಲಿ ಇರಲ್ಲ, ಯಾವ ಕಡೆಗೂ ಹೋಗ್ತಾನೂ ಇರಲ್ಲ, ಹಾಗಾಗಿ ತಾನಾಗೇ ಫುಟ್‌ವರ್ಕ್ ಬರಲ್ಲ.

ಹೊಸಗ್ಲೌಸ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಇಷ್ಟು ಬಿಡಿಸಿ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲ. ಟೇಪ್ ಅಂಟಿಸಿ ಮಾಡಿ ನೋಡಿದೆ, ಅರ್ಧ ಪಾದದ ಹೆಜ್ಜೆ ಇಟ್ರೆ ಕಾಲು ಹತ್ತಿರ ಬರ್ತಾನೇ ಇಲ್ಲ! ಹಿಂದಿನ ಕಾಲಿಂದ ತಳ್ಳೋದು ಅಂದ್ರೆ ಏನು ಅಂತ ಈಗ ಸ್ವಲ್ಪ ಸ್ವಲ್ಪ ಗೊತ್ತಾಗ್ತಿದೆ.

ಇನ್ನೆರಡು ಕೇಳ್ತೀನಿ. ಪಾರ್ಟ್ನರ್ ಡ್ರಿಲ್ಲಲ್ಲಿ ಎದುರಿನವರು ಒತ್ತಿ ಬಂದ್ರೆ ನಾನು ನೇರ ಹಿಂದೆ ಹಿಂದೆ ಹೋಗಿ ಗೋಡೆಗೆ ಬಡೀತೀನಿ, ಅಲ್ಲಿಂದ ಹೇಗೆ ಹೊರಗೆ ಬರೋದು? ಮತ್ತೆ ನನ್ನ ಪಾರ್ಟ್ನರ್ ಎಡಗೈಯವನು, ಬಲಗಾಲು ಮುಂದೆ ಇಡ್ತಾನೆ, ಅವನ ಜೊತೆ ಆಡುವಾಗ ಪ್ರತಿ ಸಲ ಇಬ್ಬರ ಮುಂದಿನ ಕಾಲು ಒಂದಕ್ಕೊಂದು ತುಳಿಯುತ್ತೆ. ಅವನು ನನ್ನ ಥರ ಎಡಗಾಲು ಮುಂದೆ ಇಟ್ಕೊಳ್ಳೋದು ಒಳ್ಳೇದಾ?

ಸೌತ್‌ಪಾಅಕ್ಕ:

ಎಡಗೈ ವಿಷಯಕ್ಕೆ ನಾನೇ ಉತ್ತರ ಕೊಡ್ಬೇಕು. ಅವನನ್ನ ಹಾಗೇ ಬಿಡಿ. ಗಟ್ಟಿ ಕೈ ಹಿಂದೆ ಇರೋದು ಸಹಜ ಪದ್ಧತಿ, ಎಡಗೈಯವರಿಗೆ ಅದು ಸೌತ್‌ಪಾ, ಅಂದ್ರೆ ಬಲಗಾಲು ಮುಂದೆ. ಎಡಗೈಯವರಾಗಿದ್ದೂ ಎಡಗಾಲು ಮುಂದಿಟ್ಟು ಆಡಿದ ದೊಡ್ಡ ಬಾಕ್ಸರ್‌ಗಳೂ ಇದಾರೆ, ಆಸ್ಕರ್ ಡಿ ಲಾ ಹೋಯಾ ಹಾಗೇ ಆಡಿದ್ದು, ಅವರ ಜ್ಯಾಬ್ ಮತ್ತು ಎಡ ಹುಕ್ (ಕೈ ಮಡಚಿ ಪಕ್ಕದಿಂದ ಬೀಸೋ ಹೊಡೆತ) ಅಷ್ಟು ಜೋರಾಗಿ ಇರೋಕೆ ಅದೂ ಒಂದು ಕಾರಣ. ಆದ್ರೆ ಅದನ್ನ ಅವನೂ ಅವನ ಕೋಚೂ ಕೂತು ಮಾತಾಡಿ ತೀರ್ಮಾನ ಮಾಡ್ಲಿ, ನಿಮ್ಮ ಕಾಲು ತುಳಿಯುತ್ತೆ ಅನ್ನೋ ಕಾರಣಕ್ಕೆ ಬದಲಾಯಿಸೋದು ಬೇಡ.

ಕಾಲು ತುಳಿಯೋದು ಆರ್ಥೊಡಾಕ್ಸ್ (ನಿಮ್ಮ ಥರ ಎಡಗಾಲು ಮುಂದೆ ಇಡೋರು), ಸೌತ್‌ಪಾ ಎದುರುಬದುರಾದಾಗ ಆಗೇ ಆಗುತ್ತೆ, ಯಾಕಂದ್ರೆ ನಿಮ್ಮ ಎಡಗಾಲು ಅವನ ಬಲಗಾಲು ಎದುರೆದುರೇ ಬರುತ್ತೆ. ನೀವು ನಿಮ್ಮ ಎಡಗಾಲನ್ನ ಅವನ ಬಲಗಾಲಿನ ಹೊರಗಡೆ ಇಡೋಕೆ ನೋಡಿ, ಅಂದ್ರೆ ನಿಮ್ಮ ಎಡಕ್ಕೆ ಒಂದು ಸಣ್ಣ ಹೆಜ್ಜೆ. ಅಲ್ಲಿ ಸಿಕ್ಕಿದ್ರೆ ನಿಮ್ಮ ಬಲಗೈಗೆ ದಾರಿ ನೇರ ಆಗುತ್ತೆ, ಅವನ ಗಟ್ಟಿ ಎಡಗೈ ನಿಮ್ಮಿಂದ ದೂರ ಉಳಿಯುತ್ತೆ. ಅವನೂ ಅದನ್ನೇ ಮಾಡೋಕೆ ನೋಡ್ತಾನೆ, ಹಾಗಾಗಿ ಈ ಮ್ಯಾಚಲ್ಲಿ ಅರ್ಧ ಜಗಳ ಕೈದಲ್ಲ, ಆ ಹೊರಗಿನ ಜಾಗದ್ದು. ಒಳಗಡೆ ಸಿಕ್ಕಿಹಾಕ್ಕೊಂಡ್ರೂ ಗಾಬರಿ ಬೇಡ, ಜ್ಯಾಬ್ ಹೊಡೆದು ಸ್ಟಾನ್ಸ್ ಕಳ್ಕೊಳ್ಳದೆ ಹೊರಗೆ ಬನ್ನಿ.

ಮೂರನೇರೌಂಡ್:

ನೇರ ಹಿಂದೆ ಹೋಗೋದು ಹೊಸಬರೆಲ್ಲ ಮಾಡ್ತಾರೆ, ಆದ್ರೆ ಅಷ್ಟೇ ಅಪಾಯ. ಮುಂದೆ ಬರೋರಿಗೆ ಯಾವಾಗಲೂ ಹಿಂದೆ ಹೋಗೋರಿಗಿಂತ ವೇಗ ಜಾಸ್ತಿ ಇರುತ್ತೆ, ಜಾಗನೂ ಕಮ್ಮಿ. ಒಲಿಂಪಿಕ್ಸ್ ರಿಂಗ್ ಹಗ್ಗದ ಒಳಗೆ ಒಂದು ಕಡೆಗೆ 6.1 ಮೀಟರ್ ಅಷ್ಟೇ, ನಡುವೆ ನಿಂತ್ರೆ ಬೆನ್ನ ಹಿಂದೆ ಇರೋದು ಮೂರು ಮೀಟರ್, ಎದುರಿನವರು ಒತ್ತಿದ್ರೆ ಕ್ಷಣದಲ್ಲಿ ಮುಗಿದುಹೋಗುತ್ತೆ. ಅದಕ್ಕೆ ಹಿಂದೆ ಒಂದು, ಬಹಳ ಅಂದ್ರೆ ಎರಡು ಹೆಜ್ಜೆ, ಆಮೇಲೆ ಪಕ್ಕಕ್ಕೆ. ಹಿಂದೆ ಹೆಜ್ಜೆ ಇಡುವಾಗ ಜ್ಯಾಬ್ ಹೊಡೀತಾ ಹೋಗಿ, ಸುಮ್ನೆ ಹೋದ್ರೆ ಅವರು ನಡ್ಕೊಂಡೇ ಬರ್ತಾರೆ, ಮುಖದ ಮೇಲೆ ಕೈ ಬಂದ್ರೆ ಒಂದು ಕ್ಷಣ ನಿಲ್ತಾರೆ, ಆ ಕ್ಷಣ ಸಾಕು ನಿಮಗೆ.

ಯಾವ ಪಕ್ಕಕ್ಕೆ? ಎದುರಿನವರು ಎಡಗಾಲು ಮುಂದೆ ಇಟ್ಟವರಾದ್ರೆ ಅವರ ಬಲಗೈ ನಿಮ್ಮ ಎಡಗಡೆಯಿಂದ ಬರುತ್ತೆ, ಹಾಗಾಗಿ ನಿಮ್ಮ ಬಲಕ್ಕೆ ಹೋದ್ರೆ ಆ ಬಲಗೈಯಿಂದ ದೂರ ಆಗ್ತೀರಿ ಆದ್ರೆ ಎಡ ಹುಕ್ ಬರೋ ದಾರಿಗೆ ಹೋಗ್ತೀರಿ. ಎಡಕ್ಕೆ ಹೋದ್ರೆ ಉಲ್ಟಾ. ಪೂರ್ತಿ ಸೇಫ್ ಅನ್ನೋ ಕಡೆ ಇಲ್ಲ, ಎರಡನ್ನೂ ಕಲ್ತು ಬದಲಾಯಿಸ್ತಾ ಇರ್ಬೇಕು. ನಿಮ್ಮ ಸೌತ್‌ಪಾ ಪಾರ್ಟ್ನರ್ ಎದುರಿಗೆ ಮಾತ್ರ ಅಕ್ಕ ಹೇಳಿದ ಹಾಗೆ ನಿಮ್ಮ ಎಡಕ್ಕೆ ಹೋಗೋದು ಜಾಸ್ತಿ ಇರ್ಲಿ.

ಗೋಡೆ ಹತ್ತಿರ ಬಂದಾಗ ಉಪಯೋಗಕ್ಕೆ ಬರೋದು ಪಿವಟ್. ಎಡಗಾಲಿನ ಬೆರಳ ಬುಡ ನೆಲದಲ್ಲಿ ಅದೇ ಜಾಗದಲ್ಲಿ ಇರುತ್ತೆ, ಬೆರಳು ಬಲಕ್ಕೆ ತಿರುಗುತ್ತೆ, ಬಲಗಾಲು ಹಿಂದಿನಿಂದ ಎಡಕ್ಕೆ ಸುತ್ತಿ ಬಂದು ಮತ್ತೆ ಸ್ಟಾನ್ಸಲ್ಲಿ ಕೂರುತ್ತೆ. ಎದುರಿನವರು ನುಗ್ಗಿ ಬಂದ ಕ್ಷಣಕ್ಕೆ ಮಾಡಿದ್ರೆ ಅವರು ನೀವಿದ್ದ ಜಾಗಕ್ಕೆ ಹೋಗಿರ್ತಾರೆ, ನೀವು ಅವರ ಪಕ್ಕಕ್ಕೆ ನಿಂತಿರ್ತೀರಿ, ಗೋಡೆ ಕಡೆ ಈಗ ಅವರು. ಮೊದಲು 45 ಡಿಗ್ರಿ ತಿರುಗಿ ಕಲೀರಿ, 90 ಡಿಗ್ರಿಗೆ ಅವಸರ ಬೇಡ. ಬಲಗಾಲು ಜಾಸ್ತಿ ಸುತ್ತಿ ಬಂದ್ರೆ ಎರಡೂ ಕಾಲು ಒಂದೇ ಗೆರೆ ಮೇಲೆ ಬಂದುಬಿಡುತ್ತೆ, ಅದನ್ನ ಟೇಪಲ್ಲೇ ನೋಡ್ಕೋಬಹುದು, ನೆಲದ ಮೇಲೆ ಪ್ಲಸ್ ಆಕಾರದಲ್ಲಿ ಎರಡು ಟೇಪ್ ಹಾಕಿ. ಪಿವಟ್ ಬರೀ ತಪ್ಪಿಸ್ಕೊಳ್ಳೋಕೆ ಅಂತ ಅಂದ್ಕೋಬೇಡಿ, ಪಕ್ಕಕ್ಕೆ ಬಂದ ಕೂಡಲೇ ಹೊಡೀರಿ, ಅವರು ಇನ್ನೂ ನಿಮ್ಮ ಕಡೆ ತಿರುಗಿರಲ್ಲ. ಉಕ್ರೇನಿನ ಬಾಕ್ಸರ್ ವಾಸಿಲ್ ಲೊಮಚೆಂಕೊ ಆಟ ನೋಡಿದ್ರೆ ಇದೇ ಕಾಣೋದು. 2008 ಬೀಜಿಂಗ್, 2012 ಲಂಡನ್ ಎರಡೂ ಒಲಿಂಪಿಕ್ಸಲ್ಲಿ ಚಿನ್ನ, ಸೌತ್‌ಪಾ. ಎದುರಾಳಿ ತಿರುಗಿ ನೋಡೋ ಹೊತ್ತಿಗೆ ಇನ್ನೊಂದು ಪಕ್ಕದಲ್ಲಿ ಇರ್ತಾರೆ. ಚಿಕ್ಕವರಿದ್ದಾಗ ಅವರ ತಂದೆ, ಕೋಚ್ ಕೂಡ ಅವರೇ, ಉಕ್ರೇನಿನ ಸಾಂಪ್ರದಾಯಿಕ ಡ್ಯಾನ್ಸ್ ಕ್ಲಾಸಿಗೆ ಹಾಕಿದ್ರು. ನೋಡೋಕೆ ಮ್ಯಾಜಿಕ್ ಥರ ಇರುತ್ತೆ, ಆದ್ರೆ ವಿಡಿಯೋನ ಸ್ಲೋ ಮಾಡಿ ಕಾಲು ಮಾತ್ರ ನೋಡಿ, ಪ್ರತಿ ಸಲ ತಿರುಗಿ ನಿಂತಾಗಲೂ ಹೊಡೆಯೋಕೆ ರೆಡಿಯಾಗೇ ನಿಂತಿರ್ತಾರೆ.

ನೀವೇ ಒತ್ತುವಾಗಲೂ ಇದೇ ಲೆಕ್ಕ ಉಲ್ಟಾ ಹಾಕಿ. ಎದುರಿನವರು ಪಕ್ಕಕ್ಕೆ ಓಡಿದ್ರೆ ಹಿಂದೆ ಹಿಂದೆ ಹೋಗ್ಬೇಡಿ, ನೀವೂ ಅದೇ ಕಡೆ ಪಕ್ಕಕ್ಕೆ ಹೆಜ್ಜೆ ಇಟ್ಟು ದಾರಿ ಕಟ್ಟಿ. ಅವರು ಸುತ್ತು ಹಾಕೋ ದೂರ ದೊಡ್ಡದು, ನೀವು ಅಡ್ಡ ಹಾಕೋ ದೂರ ಚಿಕ್ಕದು.

ಎಡಗಾಲುಮುಂದೆ:

ಲ್ಯಾಡರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅಭಿಪ್ರಾಯ, ಈಗ ದುಡ್ಡು ಹಾಕಬೇಡಿ. ವಾರ್ಮ್‌ಅಪ್‌ಗೆ ಚೆನ್ನಾಗಿದೆ, ಕಾಲು ಚುರುಕಾಗುತ್ತೆ, ಆದ್ರೆ ಅದರಲ್ಲಿ ಮುಕ್ಕಾಲು ಹೆಜ್ಜೆ ಸ್ಟಾನ್ಸಿಂದ ಹೊರಗೇ ಇರುತ್ತೆ, ಎಷ್ಟೋ ಡ್ರಿಲ್ಲಲ್ಲಿ ಕಾಲು ಅಡ್ಡ ಹಾಕಿಸ್ತಾರೆ, ಅದನ್ನೇ ತಾನೇ ನಾವು ಬಿಡಿಸ್ಬೇಕು ಅಂತಿರೋದು. ಕಣ್ಣೂ ನೆಲದ ಮೇಲೇ ಇರುತ್ತೆ. ಅದರ ಬದಲು ಒಂದು ದಾರ ಭುಜದ ಎತ್ತರಕ್ಕೆ ಉದ್ದಕ್ಕೆ ಕಟ್ಟಿ, ಸ್ಟೆಪ್ ಹಾಕ್ತಾ ತಲೆನ ಈ ಕಡೆಯಿಂದ ಆ ಕಡೆಗೆ ದಾರದ ಕೆಳಗೆ ದಾಟಿಸ್ತಾ ಮುಂದೆ ಹೋಗಿ, ಹಾಗೇ ಹಿಂದೆ ಬನ್ನಿ. ಬಗ್ಗೋದು ಸೊಂಟದಿಂದಲ್ಲ, ಮಂಡಿಯಿಂದ. ಕಾಲು, ಮಂಡಿ, ತಲೆ ಮೂರೂ ಒಟ್ಟಿಗೆ ಕೆಲಸ ಮಾಡೋಕೆ ಕಲಿಯುತ್ತೆ.

ಮತ್ತೆ ಹೆವಿ ಬ್ಯಾಗ್ ಹತ್ತಿರ ಹೋದಾಗ ಗಮ್ ಹಾಕಿ ಅಂಟಿಸಿದ ಹಾಗೆ ನಿಂತುಬಿಡಬೇಡಿ. ಬ್ಯಾಗ್ ತೂಗಾಡುತ್ತಲ್ಲ, ಅದು ಹತ್ತಿರ ಬಂದಾಗ ಪಕ್ಕಕ್ಕೆ ಸರೀರಿ, ದೂರ ಹೋದಾಗ ಹೆಜ್ಜೆ ಹಾಕಿ ಜ್ಯಾಬ್ ಹೊಡೀರಿ. ಬ್ಯಾಗ್ ತಿರುಗಿ ಹೊಡೆಯಲ್ಲ ಅನ್ನೋದೊಂದು ಬಿಟ್ರೆ ದೂರ ಅಳೆಯೋಕೆ ಅದಕ್ಕಿಂತ ತಾಳ್ಮೆಯ ಪಾರ್ಟ್ನರ್ ಸಿಗಲ್ಲ.

ಹೊಸಗ್ಲೌಸ್:

ಪಿವಟ್ ಟೇಪ್ ಹಾಕ್ಕೊಂಡು ಮಾಡ್ತೀನಿ. ಕೊನೇದೊಂದು, ದಿನಕ್ಕೆ ಎಷ್ಟು ಹೊತ್ತು ಮಾಡ್ಬೇಕು? ಕ್ಲಾಸ್ ಇರೋ ದಿನನೂ ಮಾಡ್ಲಾ?

ಸೌತ್‌ಪಾಅಕ್ಕ:

ಹತ್ತು ಹದಿನೈದು ನಿಮಿಷ ಸಾಕು, ಆದ್ರೆ ಮೈ ಫ್ರೆಶ್ ಇದ್ದಾಗ ಮಾಡಿ, ವರ್ಕೌಟ್ ಕೊನೆಯಲ್ಲಿ ಸುಸ್ತಾದ ಕಾಲಲ್ಲಿ ಬೇಡ. ಸುಸ್ತಾದಾಗ ಹಿಮ್ಮಡಿ ಇಳಿಯುತ್ತೆ, ಕಾಲು ಅಡ್ಡ ಬರುತ್ತೆ, ಮೈ ಅದನ್ನೇ ಕಲ್ತುಬಿಡುತ್ತೆ. ಕ್ಲಾಸ್ ಇರೋ ದಿನ ಬೇರೆ ಮಾಡೋದು ಬೇಡ, ಕ್ಲಾಸ್ ಶುರುವಾಗೋಕೆ ಐದು ನಿಮಿಷ ಮುಂಚೆ ಹೋಗಿ ಕೈ ಗಾರ್ಡಲ್ಲಿಟ್ಕೊಂಡು ಒಂದು ರೌಂಡು ಕಾಲು ಮಾತ್ರ ಮಾಡಿ. ಮೀನಖಂಡ ಇನ್ನೂ ಹಿಡ್ಕೊಂಡಿದ್ರೆ ಆ ದಿನ ರಜೆ. ಒಂದು ವಾರ ಆದ್ಮೇಲೆ ವಿಡಿಯೋ ಮಾಡಿ ಕೋಚ್‌ಗೆ ತೋರಿಸಿ, ಕ್ಲಾಸಲ್ಲಿ ಟೈಮ್ ಇಲ್ಲದಿದ್ರೂ ಒಂದು ನಿಮಿಷದ ವಿಡಿಯೋ ನೋಡಿ ಎಲ್ಲಿ ತಪ್ಪಿದೆ ಅಂತ ಯಾವ ಕೋಚ್ ಬೇಕಾದ್ರೂ ಹೇಳ್ತಾರೆ. ಪಕ್ಕದಿಂದ ಒಂದು, ಎದುರಿಂದ ಒಂದು, ಎರಡು ಕಡೆಯಿಂದನೂ ತೆಗೀರಿ.